ಕೊಡಲಾಗದವನ ಬಾಕಿ

ಕೊಡಗಿನ ಬಿಟ್ಟಂಗಾಲದ ಸುತ್ತಿನ ತೋಟಗಳಲ್ಲಿ ಕಾಳುಮೆಣಸಿನ ಕೊಯ್ಲು ಎಂದರೆ ಏಣಿಯ ಕೆಲಸ. ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿ ಜಾರಿದರೆ ಪೆಟ್ಟು ಬೀಳುವುದು ಬೆನ್ನಿಗೆ, ಸೊಂಟಕ್ಕೆ. ಹಾಗೆ ಬಿದ್ದವನು ಹೆಂಡತಿಯಿಂದ ದೂರವಾಗಿ, ಮಗುವಿಗೆ ತಿಂಗಳು ತಿಂಗಳೂ ಜೀವನಾಂಶ ಕೊಡಬೇಕಾದವನಾಗಿದ್ದರೆ? ಅವನು ಹಾಸಿಗೆ ಹಿಡಿದನೆಂದು ಮಗುವಿನ ಹಸಿವು ನಿಲ್ಲುವುದಿಲ್ಲ. ಜೀವನಾಂಶದ ಕಾನೂನು ಅರ್ಧ ಶತಮಾನ ದಾಟಿದ ಈ ಹೊತ್ತಿಗೂ ಈ ಮಗುವಿಗೆ ನಮ್ಮಲ್ಲಿ ನೇರ ಉತ್ತರವಿಲ್ಲ.

ನಡೆದ ದಾರಿ ಸಣ್ಣದೇನಲ್ಲ. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಜೀವನಾಂಶಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಹಾಕಿತ್ತು. ಕೇಂದ್ರದ ಕಾನೂನಿನಿಂದ ಆ ಮಿತಿ ಹೋದದ್ದು 2001ರಲ್ಲಿ. ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯದ ಪ್ರಮಾಣಪತ್ರ ಸಲ್ಲಿಸಬೇಕು, ಅರ್ಜಿ ಹಾಕಿದ ದಿನದಿಂದಲೇ ಹಣ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ 2020ರ ರಜನೀಶ್–ನೇಹಾ ತೀರ್ಪಿನಲ್ಲಿ ಹೇಳಿತು. 2024ರ ಜುಲೈ 1ರಿಂದ 125ನೇ ಕಲಮಿನ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ವಸೂಲಿಯ ರೀತಿ ಮಾತ್ರ ಹಳೆಯದೇ: ಮೊದಲು ವಾರಂಟ್, ಆಮೇಲೂ ಉಳಿದ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿ ಬಂದರೂ ಬಾಕಿ ತೀರುವುದಿಲ್ಲ ಎಂದು 1989ರಲ್ಲೇ ಕುಲದೀಪ್ ಕೌರ್ ಪ್ರಕರಣದಲ್ಲಿ ಇತ್ಯರ್ಥವಾಗಿದೆ.

ಕೊಡುವ ಮನಸ್ಸಿಲ್ಲದ ತಂದೆಗೆ ಇದೆಲ್ಲ ಸರಿಯೇ. ಕೈಕಾಲು ಗಟ್ಟಿ ಇರುವವನು ಕೂಲಿ ಮಾಡಿಯಾದರೂ ಕೊಡಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ನಾವು ಮನಸಾರೆ ಒಪ್ಪುತ್ತೇವೆ. ಆದರೆ ಕೈಕಾಲೇ ಹೋದವನು? ಊರುಗೋಲಿನ ಮೇಲೆ ನಡೆಯುವ, ಶೇಕಡ 75ರಷ್ಟು ಅಂಗವೈಕಲ್ಯದ ಗಂಡನನ್ನು ಹೆಂಡತಿಗೆ ಜೀವನಾಂಶ ಕೊಡೆಂದು ಒತ್ತಾಯಿಸಲಾಗದು ಎಂದು ನಮ್ಮ ಹೈಕೋರ್ಟ್ 2024ರಲ್ಲಿ ತೀರ್ಪಿತ್ತಿತು. ಕಾನೂನಿನ ಒಳಗೇ ಇದಕ್ಕೆ ಜಾಗವಿದೆ. ವಾರಂಟ್ ಹೊರಡುವುದು 'ಸಾಕಷ್ಟು ಕಾರಣವಿಲ್ಲದೆ' ಕೊಡದೆ ಉಳಿದವನ ಮೇಲೆ. ಪರಿಸ್ಥಿತಿ ಬದಲಾದರೆ ಮೊತ್ತ ಬದಲಿಸಿಕೊಡಿ ಎಂದು 146ನೇ ಕಲಮಿನಡಿ ಕೇಳಲೂಬಹುದು. ಆಸ್ಪತ್ರೆಯಲ್ಲಿ ಮಲಗಿದ ಕೂಲಿಕಾರನಿಗೆ ಇದನ್ನು ತಿಳಿಸುವವರು ಯಾರು? ಅವನು ಕೇಳುವುದಿಲ್ಲ, ಬಾಕಿ ಬೆಳೆಯುತ್ತದೆ. ಅತ್ತ ತಾಯಿಗೂ ಗಡುವಿದೆ: ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಈ ವಾರಂಟಿನ ದಾರಿ ಮುಚ್ಚುತ್ತದೆ.

ಜರ್ಮನಿಯಲ್ಲಿ 1980ರಿಂದ ಇಂಥ ಮಗುವಿಗೆ ಸರ್ಕಾರವೇ ಮೊದಲು ಹಣ ಕೊಡುತ್ತದೆ, ಆಮೇಲೆ ತಂದೆಯಿಂದ ಪಡೆಯಲು ನೋಡುತ್ತದೆ. ನಮ್ಮಲ್ಲೂ ಅದಕ್ಕೆ ಹತ್ತಿರದ್ದೊಂದಿದೆ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ, ತಂದೆತಾಯಿ ದುಡಿದು ಸಾಕಲಾರದ ಸ್ಥಿತಿಗೆ ಬಂದ ಬಡ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಸಿಗಬಹುದು. ಹಳ್ಳಿಯಲ್ಲಿ ಕುಟುಂಬದ ವರಮಾನ ವರ್ಷಕ್ಕೆ 72,000 ರೂಪಾಯಿ ಮೀರಿರಬಾರದು. ನಮ್ಮ ಬೇಡಿಕೆ ಇಷ್ಟೇ: ಬಾಕಿಯ ಅರ್ಜಿ ಬಂದ ದಿನ ನ್ಯಾಯಾಲಯ ವೈದ್ಯಕೀಯ ಮಂಡಳಿಯ ಪತ್ರ ಕೇಳಲಿ. ಅವನಿಂದ ನಿಜಕ್ಕೂ ಆಗದು ಎಂದಾದರೆ ಮಗುವಿನ ಹೆಸರನ್ನು ತಾನೇ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕಳಿಸಲಿ.

ಇಂದು ಕಾಗದಪತ್ರ ಹೊತ್ತು ಅಲೆಯುವವಳು ತಾಯಿ. ಬಾಕಿಯ ಅರ್ಜಿಗೆ ವಿರಾಜಪೇಟೆ, ಪ್ರಾಯೋಜಕತ್ವಕ್ಕೆ ಮಡಿಕೇರಿ. ಹೋದ ದಿನದ ಕೂಲಿ ಅವಳಿಗಿಲ್ಲ.