ನಾಲ್ಕೂಕಾಲರಿಂದ ಏಳರವರೆಗೆ

ಶಾಲೆ ಬಿಡೋದು ನಾಲ್ಕೂಕಾಲಿಗೆ. ಗಾರ್ಮೆಂಟ್ಸ್‌ನಿಂದ ನಾನು ಮನೆ ಸೇರೋದು ಏಳಕ್ಕೆ. ಅಲ್ಲಿವರೆಗೆ ಮಗ ಎಲ್ಲಿರ್ತಾನೋ ಅನ್ನೋ ಚಿಂತೆಯಲ್ಲಿ ಮೆಷಿನ್ ಮುಂದೆ ಕೂತರೂ ಕೈ ಓಡ್ತಿರಲಿಲ್ಲ. ಬೀಗದ ಕೈ ಪಕ್ಕದ ಮನೆ ಅಜ್ಜಿ ಹತ್ತಿರ ಕೊಟ್ಟು ಹೋಗ್ತಿದ್ದೆ. ಒಂದಿನ ಬಂದು ನೋಡಿದರೆ ಬೀಗ ಹಾಕಿದ ಹಾಗೇ ಇದೆ. ಅವನು ಗೆಳೆಯರ ಜೊತೆ ಕೆರೆ ಏರಿ ಮೇಲೆ! ಆವತ್ತು ಹೊಡೆದೆ. ಆಮೇಲೆ ನಾನೇ ಅತ್ತೆ.

ಕೈ ಹಿಡಿದದ್ದು ಪಂಚಾಯಿತಿ ಗ್ರಂಥಾಲಯ. ಈಗ ಅದನ್ನ ‘ಅರಿವು ಕೇಂದ್ರ’ ಅಂತಾರೆ. 2020ರಲ್ಲಿ, ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, ಸರ್ಕಾರ ‘ಓದುವ ಬೆಳಕು’ ಶುರು ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡ್ತು. ನನಗೆ ಗೊತ್ತಾಗಿದ್ದು ತಡವಾಗಿ. ಈಗ ಸಂಜೆ ಹತ್ತು ಹನ್ನೆರಡು ಮಕ್ಕಳು ಅಲ್ಲೇ ಹೋಂವರ್ಕ್ ಮುಗಿಸಿ ಚೆಸ್, ಕೇರಂ ಆಡ್ತಾರೆ. ಪುಸ್ತಕ ಕಂಡರೆ ಓಡ್ತಿದ್ದ ನನ್ನ ಮಗ ಪೇಪರ್ ಓದಿ ನನಗೇ ಸುದ್ದಿ ಹೇಳ್ತಾನೆ. ಅವನಿಗೋಸ್ಕರ ನಾನು ರಜೆ ಹಾಕೋದು ತಪ್ಪಿದೆ, ಹಾಜರಾತಿ ಬೋನಸ್ಸೂ ಕೈಗೆ ಬರ್ತಿದೆ.

ತಕರಾರು ಒಂದೇ. ನಮ್ಮೂರಲ್ಲಿ ಆರಕ್ಕೇ ಬಾಗಿಲು ಹಾಕ್ತಾರೆ. ಆಮೇಲಿನ ಒಂದು ಗಂಟೆ ಮತ್ತೆ ಅಜ್ಜಿ ಮನೆಯೇ ಗತಿ. ಏಳರವರೆಗೆ ತೆಗೆದಿಡಿ ಅಂತ ನಾವು ಏಳೆಂಟು ತಾಯಂದಿರು ಮುಂದಿನ ಗ್ರಾಮಸಭೆಯಲ್ಲಿ ಕೇಳೋರಿದ್ದೀವಿ. ನಿಮ್ಮೂರಲ್ಲಿ ಎಷ್ಟು ಗಂಟೆವರೆಗೆ ತೆಗೆದಿರುತ್ತೆ? ಬರೆದು ತಿಳಿಸಿ, ಸಭೆಯಲ್ಲಿ ಹೇಳೋಕಾಗುತ್ತೆ.