ಟ್ರಾಲಿ ಟೈರಿಗೂ ಒಂದು ಶಿವರಾತ್ರಿ ಇರಲಿ



ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗ್ತೈತಿ ಅಂತಾರ ಹಿರಿಯರು. ಹೋತು. ಈಗ ಮುದಗಲ್ಲಿನ್ಯಾಗ ಹತ್ತು ಗಂಟೆಗೇ ಬಿಸಿಲು ಚುರು ಚುರು ಅಂತೈತಿ. ಏಪ್ರಿಲ್, ಮೇ ತಿಂಗಳು ನಮ್ಮ ರಾಯಚೂರು ಜಿಲ್ಲೆ 40 ಡಿಗ್ರಿ ದಾಟೋದು ಹೊಸದಲ್ಲ. ನಾವು ತಲಿಗೆ ಟವೆಲ್ ಸುತ್ತಿಕೊಳ್ತೀವಿ, ಎತ್ತಿಗೆ ನೆರಳು ಹುಡುಕ್ತೀವಿ. ಟ್ರ್ಯಾಕ್ಟರ್, ಟ್ರಾಲಿ ಮಾತ್ರ ಚಳಿಗಾಲದಾಗ ಹೆಂಗಿದ್ವೋ ಹಂಗೇ ರಸ್ತೆಗೆ ಹೊಡೀತೀವಿ. ಇದು ತಪ್ಪು ಅಂತ ನನ್ನ ಅಭಿಪ್ರಾಯ. ಈ ತಪ್ಪು ನಾನೂ ಮಾಡೀನಿ, ಅದಕ್ಕ ಬರೀತಿದ್ದೀನಿ.

ಹ್ವಾದ ವರ್ಷ ಬ್ಯಾಸಗಿಯೊಳಗ ಸಿಂಧನೂರು ಕಡೆಯಿಂದ ಭತ್ತದ ಹುಲ್ಲು ತರ್ತಿದ್ದೆ. ಮಧ್ಯಾಹ್ನ ಎರಡು ಗಂಟೆ. ಮಸ್ಕಿ ದಾಟಿ ಲಿಂಗಸುಗೂರು ಕಡೆ ಬರೋವಾಗ ಟ್ರಾಲಿಯ ಎಡಗಡೆ ಟೈರ್ ಢಂ ಅಂತು. ಟ್ರಾಲಿ ವಾಲಿತು. ಹುಲ್ಲಿನ ಮ್ಯಾಲೆ ಕುಂತಿದ್ದ ನಮ್ಮೂರ ಹುಡುಗ ಕೆಳಗ ಬಿದ್ದ. ಜೀವ ಉಳೀತು, ಕೈ ಮುರೀತು. ಎರಡೂವರೆ ತಿಂಗಳು ಅವನಿಗೆ ದುಡಿಮೆ ಇಲ್ಲ. ದವಾಖಾನಿ ಖರ್ಚು ನಾನು ಕೊಟ್ಟೆ. ಆದ್ರ ಅವನ ತಾಯಿ ಮುಂದ ನಿಂತಾಗ ನನಗ ಮಾತು ಬರಲಿಲ್ಲ. ಯಾಕಂದ್ರ ಆ ಟೈರಿನ ಪಕ್ಕದಾಗ ಬಿರುಕು ಬಿಟ್ಟಿದ್ದು ಸಂಕ್ರಾಂತಿಗೇ ನೋಡಿದ್ದೆ. ಇದೊಂದು ಸುಗ್ಗಿ ನಡೀತೈತಿ ಅಂತ ಬಿಟ್ಟಿದ್ದೆ.

ಎಲ್ಲರೂ ಬಿಸಿಲಿಗೆ ಟೈರ್ ಸಿಡೀತು ಅಂದ್ರು. ಬಿಸಿಲೊಂದೇ ಅಲ್ರಿ. ಹವಾ ಕಡಿಮೆ ಇದ್ರ ಟೈರಿನ ಪಕ್ಕ ಪ್ರತಿ ಸುತ್ತಿಗೂ ಮಡಚಿ ಮಡಚಿ ಕಾಯ್ತೈತಿ. ಅದರ ಮ್ಯಾಲೆ ಹೆಚ್ಚಿನ ಲೋಡು, ಕೆಳಗ ಕಾದ ಡಾಂಬರು. ಹಳೇ ರಬ್ಬರ್ ತಡಕೊಳ್ಳೋದಿಲ್ಲ. ಹಂಗಾಗಿ ಮುಂಜಾನೆ ಟೈರ್ ತಣ್ಣಗಿದ್ದಾಗ ಹವಾ ನೋಡ್ರಿ. ಓಡಿಸಿ ಬಂದ ಮ್ಯಾಲೆ ನೋಡಿದ್ರ ಹೆಚ್ಚು ತೋರಿಸ್ತೈತಿ, ಅದನ್ನ ನೋಡಿ ಹವಾ ಬಿಡಬ್ಯಾಡ್ರಿ. ಟೈರ್ ಕೊಳ್ಳುವಾಗ ಅದರ ಪಕ್ಕದಾಗಿನ ನಾಲ್ಕು ಅಂಕಿ ಓದ್ರಿ. 2319 ಅಂದ್ರ 2019ರ 23ನೇ ವಾರ ತಯಾರಾಗಿದ್ದು. ಗೆರೆ ಎಷ್ಟೇ ಚಂದ ಕಾಣಲಿ, ವಯಸ್ಸು ಅಲ್ಲೇ ಬರೆದಿರ್ತೈತಿ.

ಇನ್ನ ಇಂಜಿನ್. ತೊಗರಿ, ಕಡಲಿ ರಾಶಿ ಮುಗಿದ ಮ್ಯಾಲೆ ರೇಡಿಯೇಟರ್ ಜಾಲರಿಯೊಳಗ ಹೊಟ್ಟು, ಧೂಳು ತುಂಬಿರ್ತೈತಿ. ಗಾಳಿ ಆಡದಿದ್ರ ನೀರು ಹೆಂಗ ತಣ್ಣಗಾಗಬೇಕು? ಫ್ಯಾನ್ ಕಡೆಯಿಂದ ಹೊರಗಡೆಗೆ ಹವಾ ಹೊಡೆಸ್ರಿ. ಬೋರಿನ ಸವಳು ನೀರು ಹಾಕಿದ್ರ ಒಳಗ ಸುಣ್ಣದಂಗ ಕಟ್ಟತೈತಿ, ಕೂಲಂಟ್ ಹಾಕ್ರಿ. ಇಂಜಿನ್ ಕಾದಾಗ ಮುಚ್ಚಳ ತೆಗೀಬ್ಯಾಡ್ರಿ, ಕುದಿಯೋ ನೀರು ಮುಖಕ್ಕ ಹಾರತೈತಿ. ಫ್ಯಾನ್ ಬೆಲ್ಟ್, ಹೋಸ್ ಪೈಪ್, ಏರ್ ಕ್ಲೀನರ್, ಬ್ಯಾಟರಿಯ ಡಿಸ್ಟಿಲ್ಡ್ ವಾಟರ್ ಎಲ್ಲಾ ನೋಡಾಕ ಅರ್ಧ ತಾಸು ಸಾಕು. ಹೊಲದಾಗ ಬಿಡಿಸಿದ ಎರಡು ಬ್ರೇಕ್ ಪೆಡಲ್ ರಸ್ತೆಗೆ ಬರೋ ಮುಂಚೆ ಕೂಡಿಸಿ ಲಾಕ್ ಮಾಡ್ರಿ. ಒಂದೇ ಕಡೆ ಬ್ರೇಕ್ ಹಿಡಿದ್ರ ಗಾಡಿ ಪಲ್ಟಿ ಹೊಡಿಯೋದು ಅಲ್ಲೇ.

"ರೇಟ್ ಇಲ್ಲದ ವರ್ಷ ಟೈರಿಗೆ ಎಲ್ಲಿಂದ ರೊಕ್ಕ ತರೋಣು ಕಾಕಾ?" ಅಂತ ಕೇಳೋರು ಅದಾರ. ಮಾತು ಖರೇ ಐತಿ. ಆದ್ರ ಮ್ಯಾಲೆ ಬರೆದಿದ್ರೊಳಗ ಬಹಳಷ್ಟಕ್ಕ ರೊಕ್ಕ ಬೇಕಿಲ್ಲ, ಮನಸ್ಸು ಬೇಕು. ಟೈರಿಗೆ ರೊಕ್ಕ ಬೇಕು, ಒಪ್ತೀನಿ. ಬೀಜ, ಗೊಬ್ಬರ ಉದ್ರಿ ಮಾಡಿಯಾದ್ರೂ ತರ್ತೀವಲ್ಲ, ಟೈರನ್ನೂ ಅದೇ ಲೆಕ್ಕದಾಗ ಬರೀರಿ. ಈ ವರ್ಷ ಆಗೋದೇ ಇಲ್ಲಂದ್ರ ಲೋಡು ಕಡಿಮೆ ಹಾಕ್ರಿ, ನಸುಕಿನ ತಂಪಿನ್ಯಾಗ ಹೋಗ್ರಿ, ಟ್ರಾಲಿ ಮ್ಯಾಲೆ ಮಂದಿ ಕೂಡಿಸಬ್ಯಾಡ್ರಿ. ಕೂಲಿಯವರಿಗೆ ಬ್ಯಾರೆ ಟಂಟಂ ಮಾಡ್ರಿ. ಆ ಬಾಡಿಗಿ ಒಂದು ಕೈಯ ಮುಂದ ದೊಡ್ಡದಲ್ಲ.

ಆಯುಧ ಪೂಜೆಗೆ ಟ್ರ್ಯಾಕ್ಟರ್ ತೊಳೆದು, ನಿಂಬೆಹಣ್ಣು ಇಟ್ಟು, ಕುಂಬಳಕಾಯಿ ಒಡಿತೀವಿ. ಅದು ಇರಲಿ. ಆದ್ರ ದಸರಾದಿಂದ ಇಲ್ಲಿತನಕ ಗಾಡಿ ಬಿತ್ತಿಗೆ, ರಾಶಿಗೆ ಅಂತ ದುಡಿದು ಸವೆದಿರ್ತೈತಿ, ಬಿಸಿಲು ಈಗ ಮುಂದೈತಿ. ಶಿವರಾತ್ರಿ, ಯುಗಾದಿ ನಡುವ ಒಂದು ದಿನ ಊರಿನ ಟ್ರ್ಯಾಕ್ಟರ್ ಎಲ್ಲಾ ಒಂದೇ ಕಡೆ ನಿಲ್ಲಿಸಿ, ಮೇಸ್ತ್ರಿಯನ್ನ ಕರೆಸಿದ್ರ ಖರ್ಚು ಹಂಚಿ ಹೋಗ್ತೈತಿ. ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರಿಗೆ ಕಾಣತೈತಿ. ಬರೋ ಭಾನುವಾರ ನಮ್ಮ ಓಣ್ಯಾಗ ನಾಲ್ಕು ಮಂದಿ ಕೂಡಿ ಮಾಡೋರಿದ್ದೀವಿ.

ಆ ಹುಡುಗ ಈಗ ಮತ್ತ ಕೆಲಸಕ್ಕ ಬರ್ತಾನ. ಚೀಲ ಎತ್ತುವಾಗ ಕೈ ಇನ್ನೂ ಹಿಡೀತೈತಿ ಅಂತಾನ. ಅವನು ಅದನ್ನ ಬೈದು ಹೇಳೋದಿಲ್ಲ, ಸುಮ್ನೆ ಹೇಳ್ತಾನ. ನನಗ ಅದೇ ಜಾಸ್ತಿ ಚುಚ್ಚತೈತಿ.

ನಾಳೆ ಮುಂಜಾನೆ ಚಾ ಕುಡಿಯೋ ಮುಂಚೆ ಒಮ್ಮೆ ನಿಮ್ಮ ಟ್ರಾಲಿ ಸುತ್ತ ಹಾಯ್ದು ಬರ್ರಿ.