ತೆರೆದ ಮನೆಯ ಕಾವಲು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಕಟ್ಟುವ ಕೆಲಸಕ್ಕೆ ಬೇಕಾದ ಕಾಲವಾಗಲಿ ಶ್ರಮವಾಗಲಿ ಕೆಡಹುವ ಕೆಲಸಕ್ಕೆ ಬೇಡ ಎಂಬುದು ಅದರ ಅಭಿಪ್ರಾಯ. ಆದರೆ ಈ ಗಾದೆ ಅರ್ಧಕ್ಕೆ ಸುಳ್ಳಾಗುವ ಸ್ಥಳವೊಂದು ಇಂದು ಪ್ರಪಂಚದಲ್ಲಿ ಉಂಟು. ಅಲ್ಲಿ ಹತ್ತು ಮಂದಿ ಹಲವು ವರ್ಷ ಕೂಡಿ ಬರೆದ ಲೇಖನವನ್ನು ದಾರಿಹೋಕನೊಬ್ಬನು ಒಂದು ನಿಮಿಷದಲ್ಲಿ ಅಳಿಸಿಹಾಕಬಹುದು; ಮರುನಿಮಿಷದಲ್ಲಿ ಇನ್ನೊಬ್ಬನು ಅದನ್ನು ಮೊದಲಿದ್ದಂತೆಯೇ ನಿಲ್ಲಿಸಬಹುದು. ದೊಣ್ಣೆಗೂ ನಿಮಿಷ, ಮಡಕೆಗೂ ನಿಮಿಷ. ಆ ಸ್ಥಳದ ಹೆಸರು ವಿಕಿಪೀಡಿಯ.

ಒಡೆದ ಮಡಕೆ ತಾನಾಗಿ ಕೂಡಿಕೊಳ್ಳುವುದಿಲ್ಲವಷ್ಟೆ. ಅಲ್ಲಿ ಅದು ಕೂಡಿಕೊಳ್ಳುವುದಕ್ಕೆ ಎರಡು ಕಾರಣಗಳಿವೆ. ಲೇಖನವೊಂದನ್ನು ಎಷ್ಟು ಬಾರಿ ತಿದ್ದಿದರೂ ಅದರ ಹಿಂದಿನ ಪ್ರತಿಗಳೆಲ್ಲ ಭದ್ರವಾಗಿ ಉಳಿದಿರುತ್ತವೆ; ಇದು ಯಂತ್ರದ ಉಪಕಾರ. ಒಡೆದುದನ್ನು ಕಂಡು ಸರಿಪಡಿಸಲು ಯಾರೋ ಒಬ್ಬರು ಎಚ್ಚರವಾಗಿರುತ್ತಾರೆ. ಇದು ಮನುಷ್ಯರ ಉಪಕಾರ. ಸಂಬಳವಿಲ್ಲದೆ, ಸನ್ಮಾನವಿಲ್ಲದೆ, ತಮ್ಮ ಬಿಡುವಿನ ವೇಳೆಯಲ್ಲಿ ಈ ಕಾವಲನ್ನು ಕಾಯುವವರ ಕೆಲಸ ಎಂಥದೆಂಬುದು ಓದುವವರಲ್ಲಿ ಬಹುಮಂದಿಗೆ ತಿಳಿಯದು.

ವಿಕಿ ಎಂಬುದು ಹವಾಯಿ ದ್ವೀಪದ ನುಡಿಯ ಮಾತು. ಬೇಗ ಎಂದು ಅದರ ಅರ್ಥ. ಅಮೆರಿಕೆಯ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು ೧೯೯೫ರಲ್ಲಿ, ಓದುವವರೇ ತಿದ್ದಬಹುದಾದ ಪುಟಗಳ ಏರ್ಪಾಡೊಂದನ್ನು ರಚಿಸಿ ಅದಕ್ಕೆ ಈ ಹೆಸರಿಟ್ಟರು. ಅದೇ ತತ್ತ್ವವನ್ನು ವಿಶ್ವಕೋಶಕ್ಕೆ ಅನ್ವಯಿಸಿ ೨೦೦೧ರ ಜನವರಿ ೧೫ರಂದು ವಿಕಿಪೀಡಿಯ ಆರಂಭವಾಯಿತು. ಕನ್ನಡದ ವಿಕಿಪೀಡಿಯ ೨೦೦೩ರಲ್ಲಿ ಹುಟ್ಟಿತು. ಅಚ್ಚಿನ ವಿಶ್ವಕೋಶದಲ್ಲಿ ವಿದ್ವಾಂಸರು ಬರೆಯುವರು, ಸಂಪಾದಕರು ಪರಿಶೀಲಿಸುವರು, ಕರಡು ತಿದ್ದುವರು, ಆಮೇಲೆ ಅಚ್ಚಾಗುವುದು. ವಿಕಿಪೀಡಿಯದಲ್ಲಿ ಈ ಕ್ರಮ ತಲೆಕೆಳಗು: ಮೊದಲು ಪ್ರಕಟಣೆ, ಆಮೇಲೆ ಪರಿಶೀಲನೆ. ಓಲೆಗರಿಯ ಪ್ರತಿಯನ್ನು ಬರೆದು ಮುಗಿಸಿದ ಲಿಪಿಕಾರನು, ತಪ್ಪಿದ್ದರೆ ತಿದ್ದಿಕೊಂಡು ಓದಬೇಕೆಂದು ಬಲ್ಲವರನ್ನು ಬೇಡಿಕೊಳ್ಳುವ ವಾಡಿಕೆ ಹಿಂದೆ ನಮ್ಮ ನಾಡಿನಲ್ಲಿತ್ತು. ಆ ಬೇಡಿಕೆಯನ್ನು ಇಡೀ ಪ್ರಪಂಚದ ಮುಂದಿಟ್ಟರೆ ಏನಾಗುವುದೋ ಅದೇ ಇಲ್ಲಿ ಆಗಿದೆ. ಬಲ್ಲವರೂ ತಿದ್ದುವರು, ಬಲ್ಲೆವೆಂದು ತಿಳಿದವರೂ ತಿದ್ದುವರು, ಕೇವಲ ಕೀಟಲೆಗಾಗಿ ಕೈಯಾಡಿಸುವವರೂ ಉಂಟು.

ಇವರೆಲ್ಲರ ಹೆಜ್ಜೆಗುರುತುಗಳು ಬಂದು ಬೀಳುವ ಪುಟಕ್ಕೆ ‘ಇತ್ತೀಚೆಗಿನ ಬದಲಾವಣೆಗಳು’ ಎಂದು ಹೆಸರು. ಅದೊಂದು ಉದ್ದನೆಯ ಪಟ್ಟಿ. ಯಾವ ಗಂಟೆಯಲ್ಲಿ, ಯಾವ ಲೇಖನವನ್ನು, ಯಾರು ತಿದ್ದಿದರು, ಏಕೆ ತಿದ್ದಿದೆವೆಂದು ಹೇಳಿದರು ಎಂಬುದು ಒಂದೊಂದು ಸಾಲಿನಲ್ಲಿ ಕಾಣುತ್ತದೆ. ಬರೆಹ ಬೆಳೆದಿದ್ದರೆ ಹಸಿರು ಅಂಕಿ, ಕುಗ್ಗಿದ್ದರೆ ಕೆಂಪು ಅಂಕಿ. ಕಾವಲಿನವನು ಒಂದು ಸಾಲನ್ನು ಒತ್ತಿದರೆ ಹಳೆಯ ಪಾಠವೂ ಹೊಸ ಪಾಠವೂ ಅಕ್ಕಪಕ್ಕದಲ್ಲಿ ತೆರೆದುಕೊಳ್ಳುತ್ತವೆ. ತಿದ್ದುಪಡಿ ಒಳ್ಳೆಯದಾದರೆ ಹಾಗೆಯೇ ಬಿಡುವನು. ಕೆಟ್ಟದಾದರೆ ರದ್ದು ಮಾಡಿ ಹಿಂದಿನ ಪಾಠವನ್ನು ನಿಲ್ಲಿಸುವನು.

ಕೇಳುವುದಕ್ಕೆ ಇದು ಸುಲಭವೆಂದೇ ತೋರುತ್ತದೆ. ಲೇಖನದ ತುಂಬ ಬೈಗುಳ ಬರೆದವನನ್ನು ಹಿಡಿಯಲು ಪಾಂಡಿತ್ಯವೇನೂ ಬೇಡ. ಫೆರ್ನಾಂಡಾ ವಿಯೇಗಸ್, ಮಾರ್ಟಿನ್ ವಾಟೆನ್‌ಬರ್ಗ್ ಮೊದಲಾದವರು ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೇಖನವನ್ನೇ ಅಳಿಸಿಹಾಕುವಂಥ ದೊಡ್ಡ ಹಾನಿಗಳು ಬಹುಮಟ್ಟಿಗೆ ಕೆಲವೇ ನಿಮಿಷಗಳಲ್ಲಿ ಸರಿಹೋಗುತ್ತಿದ್ದುದು ಕಂಡುಬಂದಿತು. ಇಂಗ್ಲಿಷ್ ವಿಕಿಪೀಡಿಯದಲ್ಲಿ ೨೦೧೦ರಿಂದ ಕ್ಲೂಬಾಟ್ ಎನ್‌ಜಿ ಎಂಬ ಯಂತ್ರಸೇವಕನೂ ಈ ಕೆಲಸಕ್ಕೆ ನಿಂತಿದ್ದಾನೆ. ಹಿಂದಿನ ಕಿಡಿಗೇಡಿತನಗಳಿಂದ ಪಾಠ ಕಲಿತು, ಅಂಥದೇ ಮತ್ತೊಂದು ಬಂದೊಡನೆ ಅಳಿಸಿಬಿಡುತ್ತಾನೆ. ಕಷ್ಟವಿರುವುದು ಸಣ್ಣ ಸುಳ್ಳಿನಲ್ಲಿ. ಕುವೆಂಪು ಅವರು ಹುಟ್ಟಿದ ವರ್ಷ ೧೯೦೪. ಯಾರಾದರೂ ಕೊನೆಯ ಅಂಕಿಯೊಂದನ್ನು ಬದಲಿಸಿ ೧೯೦೫ ಎಂದು ಮಾಡಿದರೆನ್ನಿ. ಬರೆಹ ಬೆಳೆಯಲಿಲ್ಲ, ಕುಗ್ಗಲಿಲ್ಲ. ಪಟ್ಟಿಯಲ್ಲಿ ಹಸಿರೂ ಅಲ್ಲದ ಕೆಂಪೂ ಅಲ್ಲದ ಸೊನ್ನೆಯೊಂದು ಕಾಣುತ್ತದೆ. ತಿದ್ದಿದವನು ತಪ್ಪನ್ನು ಸರಿಪಡಿಸಿದನೋ ಸರಿಯನ್ನು ತಪ್ಪಿಸಿದನೋ ಎಂಬುದನ್ನು ಯಂತ್ರ ಹೇಳದು. ಕಾವಲಿನವನು ಎದ್ದುಹೋಗಿ ಪುಸ್ತಕ ತೆರೆದು ನೋಡಬೇಕು. ಹಾಗೆ ನೋಡುವವನು ನಿಜವಾದ ಕಾವಲುಗಾರ.

ನೋಡದಿದ್ದರೆ ಏನಾಗುವುದೆಂಬುದಕ್ಕೆ ಜಾನ್ ಸೀಗೆಂತಾಲರ್ ಅವರ ಪ್ರಕರಣವೇ ಸಾಕ್ಷಿ. ಅಮೆರಿಕೆಯ ಹಿರಿಯ ಪತ್ರಿಕೋದ್ಯಮಿಯಾದ ಅವರು ೧೯೬೦ರ ದಶಕದ ಆರಂಭದಲ್ಲಿ ರಾಬರ್ಟ್ ಕೆನಡಿಯವರ ಸಹಾಯಕರಾಗಿದ್ದವರು. ೧೯೬೮ರಲ್ಲಿ ಕೆನಡಿಯವರ ಕೊಲೆಯಾದಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವರೂ ಒಬ್ಬರು. ೨೦೦೫ರ ಮೇ ತಿಂಗಳಲ್ಲಿ ಹೆಸರು ಹೇಳದ ಒಬ್ಬನು ವಿಕಿಪೀಡಿಯದಲ್ಲಿ ಅವರ ಬಗೆಗೆ ಲೇಖನವೊಂದನ್ನು ಬರೆದು, ಕೆನಡಿ ಸೋದರರಿಬ್ಬರ ಕೊಲೆಯಲ್ಲೂ ಅವರ ಕೈವಾಡವಿತ್ತೆಂದು ಒಂದೆಡೆ ಸಂಶಯಪಡಲಾಗಿತ್ತೆಂದು ಸೇರಿಸಿದನು. ಮೂರು ದಿನ ಕಳೆಯುವಷ್ಟರಲ್ಲಿ ಕಾವಲಿನವರೊಬ್ಬರು ಆ ಲೇಖನವನ್ನು ಕಂಡರು, ಅದರಲ್ಲಿದ್ದ ಕಾಗುಣಿತದ ತಪ್ಪೊಂದನ್ನು ತಿದ್ದಿದರು, ಮುಂದಿನ ಕೆಲಸಕ್ಕೆ ಹೋದರು. ಕಾಗುಣಿತ ಸರಿಯಾಯಿತು, ಕೊಲೆಯ ಅಪವಾದ ಹಾಗೆಯೇ ಉಳಿಯಿತು. ಉಳಿದದ್ದು ಒಂದೆರಡು ದಿನವಲ್ಲ, ನಾಲ್ಕು ತಿಂಗಳು. ಸತ್ತ ಸ್ನೇಹಿತನಿಗೆ ಹೆಗಲು ಕೊಟ್ಟ ಮನುಷ್ಯ ತನ್ನ ೭೮ನೆಯ ವಯಸ್ಸಿನಲ್ಲಿ, ಆ ಸ್ನೇಹಿತನನ್ನು ಕೊಂದವರಲ್ಲಿ ತಾನೂ ಒಬ್ಬನಿರಬಹುದೆಂಬ ಮಾತನ್ನು ಓದಬೇಕಾಯಿತು.

ಅದೇ ವರ್ಷ ನವೆಂಬರಿನಲ್ಲಿ ಅವರು ಪತ್ರಿಕೆಯಲ್ಲಿ ಈ ಸಂಗತಿಯನ್ನು ಬರೆದ ಮೇಲೆ ಕೋಲಾಹಲವಾಯಿತು. ಸಹೋದ್ಯೋಗಿಯೊಡನೆ ವಿನೋದಕ್ಕಾಗಿ ಹಾಗೆ ಬರೆದೆನೆಂದು ಬರೆದವನು ಒಪ್ಪಿಕೊಂಡು ಕ್ಷಮೆ ಬೇಡಿದನು. ಸೀಗೆಂತಾಲರ್ ಮೊಕದ್ದಮೆ ಹೂಡಲಿಲ್ಲ. ಡಿಸೆಂಬರಿನಲ್ಲಿ ಇಂಗ್ಲಿಷ್ ವಿಕಿಪೀಡಿಯ, ಹೆಸರು ನೋಂದಾಯಿಸದವರು ಹೊಸ ಲೇಖನ ಆರಂಭಿಸಕೂಡದೆಂದು ನಿಯಮ ಮಾಡಿತು. ಬದುಕಿರುವವರ ಬಗೆಗೆ ಬರೆಯುವಾಗ ವಿಶೇಷ ಎಚ್ಚರ ಬೇಕೆಂಬ ನೀತಿಯೂ ರೂಪುಗೊಂಡಿತು. ಕಾವಲು ಬಿಗಿಯಾಯಿತು.

ಬಿಗಿಯಾದ ಕಾವಲಿನಿಂದ ಇನ್ನೊಂದು ಬಗೆಯ ನಷ್ಟ ಒದಗಿತು. ಇಂಗ್ಲಿಷ್ ವಿಕಿಪೀಡಿಯದಲ್ಲಿ ದುಡಿಯುವವರ ಸಂಖ್ಯೆ ೨೦೦೭ರಲ್ಲಿ ತುತ್ತತುದಿಗೆ ಏರಿ, ಆಮೇಲೆ ವರ್ಷವರ್ಷವೂ ಇಳಿಯತೊಡಗಿತು. ಏರನ್ ಹಾಫಕರ್ ಮತ್ತು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಕಾರಣವನ್ನು ವಿಚಾರಿಸಿತು. ಒಳ್ಳೆಯ ಮನಸ್ಸಿನಿಂದ ಬಂದ ಹೊಸಬರ ತಿದ್ದುಪಡಿಗಳನ್ನು ಕೂಡ ಯಂತ್ರಗಳ ಮೂಲಕ, ಕಾರಣ ಹೇಳದೆ, ಥಟ್ಟನೆ ತಳ್ಳಿಹಾಕುವುದು ಹೆಚ್ಚಾಗಿತ್ತು. ಮೊದಲ ದಿನವೇ ಹೀಗೆ ಪೆಟ್ಟು ತಿಂದವರು ಮತ್ತೆ ಬರಲಿಲ್ಲ. ಕಳ್ಳನನ್ನು ಹಿಡಿಯಲೆಂದು ನಿಂತವರು ಬಂದ ನೆಂಟನನ್ನೂ ಹೊರಗಟ್ಟಿದಂತಾಯಿತು.

ಸಣ್ಣ ಊರಿನ ಯುವಕನೊಬ್ಬನನ್ನು ಊಹಿಸಿಕೊಳ್ಳಬಹುದು. ತನ್ನ ಊರಿನ ಲೇಖನದಲ್ಲಿ ಜಾತ್ರೆಯ ಸುದ್ದಿಯೇ ಇಲ್ಲವೆಂದು ಅವನು ಅದರ ಬಗೆಗೆ ನಾಲ್ಕು ಸಾಲು ಸೇರಿಸುತ್ತಾನೆ. ಆಧಾರಗ್ರಂಥದ ಹೆಸರು ಕೊಡಬೇಕೆಂಬುದು ಅವನಿಗೆ ತಿಳಿಯದು. ಆತುರದ ಕಾವಲಿನವನು, ಆಧಾರವಿಲ್ಲವೆಂದು ಅಳಿಸಿ ಮುಂದೆ ಹೋಗುವನು. ಯುವಕನಿಗೆ ಕಾಣುವುದಿಷ್ಟೆ: ತಾನು ಬರೆದದ್ದು ಹೋಯಿತು, ಯಾರೂ ಮಾತನಾಡಿಸಲಿಲ್ಲ. ವಿವೇಕವುಳ್ಳವನು ಆ ಸಾಲುಗಳ ಬಳಿ ಆಧಾರ ಬೇಕೆಂದು ಗುರುತು ಹಾಕಿ, ಯುವಕನ ಚರ್ಚೆಪುಟದಲ್ಲಿ ಸ್ವಾಗತದ ಎರಡು ಮಾತು ಬರೆದು, ತಾಲ್ಲೂಕಿನ ಇತಿಹಾಸವನ್ನು ಹೇಳುವ ಪುಸ್ತಕವೇನಾದರೂ ಇದೆಯೇ ಎಂದು ಕೇಳುವನು. ಇದಕ್ಕೆ ಬೇಕಾಗುವುದು ಐದು ನಿಮಿಷ ಹೆಚ್ಚು. ಮುಂದಿನ ವರ್ಷ ಆ ಯುವಕನೇ ಕಾವಲಿಗೆ ನಿಂತರೂ ನಿಲ್ಲಬಹುದು. ಎದುರಿನವರಲ್ಲಿ ಸದ್ಭಾವವಿದೆಯೆಂದು ಭಾವಿಸಬೇಕು, ಹೊಸಬರನ್ನು ನೋಯಿಸಬಾರದು ಎಂಬ ಎರಡು ಮಾತುಗಳು ವಿಕಿಪೀಡಿಯದ ನೀತಿಪುಟಗಳಲ್ಲಿಯೇ ಇವೆ.

ಕಾವಲೇ ಇಲ್ಲದ ಮನೆಯ ಪಾಡು ಇನ್ನೂ ದುಃಖಕರವಾದದ್ದು. ಸ್ಕಾಟ್ಲೆಂಡಿನಲ್ಲಿ ಸ್ಕಾಟ್ಸ್ ಎಂಬ ಭಾಷೆಯೊಂದುಂಟು; ಅದಕ್ಕೂ ಒಂದು ವಿಕಿಪೀಡಿಯ ಇದೆ. ಅದರಲ್ಲಿ ದುಡಿಯುವವರು ಬಹು ವಿರಳ. ಆ ಭಾಷೆಯನ್ನರಿಯದ ಅಮೆರಿಕೆಯ ಹುಡುಗನೊಬ್ಬನು, ಇಂಗ್ಲಿಷ್ ಮಾತುಗಳನ್ನೇ ತಿರುಚಿ ಸ್ಕಾಟ್ಸ್ ಎಂದು ಬಗೆದು, ವರ್ಷಗಟ್ಟಲೆ ಸಾವಿರಾರು ಲೇಖನಗಳನ್ನು ಬರೆದನು. ಅವನಲ್ಲಿ ಕೆಟ್ಟ ಬುದ್ಧಿಯಿರಲಿಲ್ಲ. ಉಪಕಾರ ಮಾಡುತ್ತಿರುವೆನೆಂದೇ ನಂಬಿದ್ದನು. ಮೊದಲ ಹತ್ತು ಲೇಖನಗಳನ್ನು ಕಂಡು, ಇದು ನಮ್ಮ ನುಡಿಯಲ್ಲ ಮಗು ಎಂದು ಹೇಳಿ ಅವನನ್ನು ತಿದ್ದುವವರೇ ಇರಲಿಲ್ಲ. ೨೦೨೦ರ ಆಗಸ್ಟಿನಲ್ಲಿ ಸಂಗತಿ ಬಯಲಾದಾಗ ನುಡಿಗೂ ಅಪಹಾಸ್ಯ, ಹುಡುಗನಿಗೂ ನಿಂದೆ. ಆಮೇಲೆ ಆ ಭಾಷೆ ಬಲ್ಲವರು ಒಟ್ಟುಗೂಡಿ ತಿದ್ದುವ ಕೆಲಸಕ್ಕೆ ಕೈಹಾಕಿದರು.

ಈ ಸಂಗತಿ ಕನ್ನಡಿಗರಿಗೂ ದೂರದ್ದಲ್ಲ. ಇಂಗ್ಲಿಷಿನ ಲೇಖನಗಳು ೨೦೨೦ರಲ್ಲಿಯೇ ೬೦ ಲಕ್ಷವನ್ನು ದಾಟಿದವು. ಕನ್ನಡದ ಲೇಖನಗಳು ೩೦ ಸಾವಿರವನ್ನು ಮೀರಿವೆ. ಲೇಖನಗಳು ಕಡಿಮೆಯೆಂಬುದಕ್ಕಿಂತ ಅವನ್ನು ನೋಡಿಕೊಳ್ಳುವ ಕಣ್ಣುಗಳು ಕಡಿಮೆಯೆಂಬುದು ಯೋಚಿಸಬೇಕಾದ ವಿಷಯ. ಶಾಲೆಯ ಮಕ್ಕಳು ಪಾಠಕ್ಕೆಂದು ಈ ಪುಟಗಳನ್ನು ತೆರೆಯುತ್ತಾರೆ. ಅಲ್ಲಿ ಕಂಡದ್ದನ್ನು ನಿಜವೆಂದು ಬರೆದುಕೊಳ್ಳುತ್ತಾರೆ. ಯಂತ್ರಾನುವಾದದಿಂದ ಬಂದ ಕನ್ನಡವಲ್ಲದ ಕನ್ನಡವೂ, ಅಂಕಿ ಬದಲಾದ ಇಸವಿಯೂ ಒಮ್ಮೆ ಅವರ ಪುಸ್ತಕದೊಳಗೆ ಸೇರಿದರೆ ಯಾವ ಗುಂಡಿಯನ್ನು ಒತ್ತಿದರೂ ರದ್ದಾಗುವುದಿಲ್ಲ.

ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಕೂಡಿ ಮಾತನಾಡುವ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿದ್ದಾರೆ. ಕಟ್ಟೆಗೆ ಯಾರು ಬೇಕಾದರೂ ಬಂದು ಕೂರಬಹುದು. ನಿವೃತ್ತರಾದ ಉಪಾಧ್ಯಾಯರು, ಬೇಸಾಯ ಬಲ್ಲವರು, ತಮ್ಮ ಊರಿನ ಕೆರೆ ಗುಡಿಗಳ ಚರಿತ್ರೆ ತಿಳಿದ ಹಿರಿಯರು ದಿನಕ್ಕೊಂದು ಹತ್ತು ನಿಮಿಷ, ತಾವು ಬಲ್ಲ ವಿಷಯದ ನಾಲ್ಕು ಪುಟಗಳ ಮೇಲೆ ಕಣ್ಣಿಟ್ಟರೂ ದೊಡ್ಡ ಉಪಕಾರವಾದೀತು. ಆದರೆ ಕಣ್ಣಿಡುವವರು ಅಕ್ಷರವನ್ನಲ್ಲದೆ ಅರ್ಥವನ್ನೂ ಓದಬೇಕು. ಅಂದು ಕಾಗುಣಿತವನ್ನು ತಿದ್ದಿದವರು ಆ ವಾಕ್ಯವನ್ನೂ ಒಮ್ಮೆ ಓದಿ, ಇದು ನಿಜವೇ ಎಂದು ಕೇಳಿಕೊಂಡಿದ್ದರೆ ಮುದುಕರೊಬ್ಬರಿಗೆ ನಾಲ್ಕು ತಿಂಗಳ ಕಳಂಕ ತಪ್ಪುತ್ತಿತ್ತು.